ಸಕ್ಕರೆ ಮೆತ್ತಿದ ಮಾತ್ರೆ

ಪಾಕಣ್ಣ ಎಂಬುದು ಮಿಠಾಯಿ ಫ್ಯಾಕ್ಟರಿಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಅಲ್ಲಿ ಸಕ್ಕರೆ ಪಾಕ ಕಾಯಿಸಿದವನು. ಥರ್ಮಾಮೀಟರ್ ಕೆಟ್ಟರೆ ಮೇಸ್ತ್ರಿ ಇವನ ನಾಲಗೆಯನ್ನು ನಂಬುತ್ತಿದ್ದ. ಒಂದು ದಿನ ಕಡಾಯಿಯ ಕೊಂಡಿ ಕಳಚಿ, ಕುದಿಯುವ ಪಾಕ ಎದೆಯಿಂದ ಬಲಗೈ ಬೆರಳುಗಳವರೆಗೆ ಸುರಿಯಿತು. ನೀರಾದರೆ ಹರಿದುಹೋಗುತ್ತದೆ, ಪಾಕ ಅಂಟಿಕೊಂಡೇ ಸುಡುತ್ತದೆ.

ನಾನು ಮನೆಮನೆಗೆ ಹೋಗಿ ಸುಟ್ಟಗಾಯಗಳಿಗೆ ಪಟ್ಟಿ ಕಟ್ಟುವ ನರ್ಸು. ಎರಡು ತಿಂಗಳು ವಾರ್ಡಿನಲ್ಲಿದ್ದು ಮನೆಗೆ ಬಂದ ಪಾಕಣ್ಣನನ್ನು ಪ್ರತಿ ಸೋಮವಾರ ನೋಡುತ್ತಿದ್ದೆ. ಎರಡನೇ ಮಹಡಿಯಲ್ಲಿ ಒಂದೇ ಕೋಣೆ, ಮೂಲೆಯಲ್ಲಿ ತಮ್ಮನ ಡಂಬೆಲ್ಲುಗಳು. ಪಾಕಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮನೇ ಎಲ್ಲ. ಅವನೂ ಅದೇ ಫ್ಯಾಕ್ಟರಿಯಲ್ಲಿ ಸಕ್ಕರೆ ಬಿಲ್ಲೆ ಒತ್ತುವ ಯಂತ್ರ ನೋಡಿಕೊಳ್ಳುತ್ತಿದ್ದ. ಕೆಲಸ ಮುಗಿದರೆ ಜಿಮ್ಮು.

ದೊಡ್ಡ ಸುಟ್ಟಗಾಯವಾದರೆ ಮೈ ತನ್ನ ಮಾಂಸವನ್ನು ತಾನೇ ತಿನ್ನತೊಡಗುತ್ತದೆ. ಅದಕ್ಕೆ ಡಾಕ್ಟರು ಎರಡು ಮಾತ್ರೆ ಬರೆದಿದ್ದರು: ಓಡುವ ಎದೆಬಡಿತಕ್ಕೆ ಲಗಾಮು ಹಾಕಲು ಒಂದು, ಸ್ನಾಯು ಕಟ್ಟುವ ಸ್ಟೀರಾಯ್ಡ್ ಒಂದು. ತೂಕ ಐವತ್ತು ಕಿಲೋಗೆ ಏರಿದರೆ ಬಲಗೈಗೆ ಚರ್ಮದ ಕಸಿ. ತಡವಾದರೆ ಬೆರಳುಗಳು ಅಂಗೈಗೆ ಕಚ್ಚಿಕೊಳ್ಳುತ್ತವೆ, ಮತ್ತೆ ಸೌಟು ಹಿಡಿಯುವ ಮಾತಿಲ್ಲ.

ತೂಕ ಏರಲಿಲ್ಲ. ನಲವತ್ನಾಲ್ಕು, ನಲವತ್ಮೂರು. ಮೊಟ್ಟೆ ತಿನ್ನದೆ ಕಳ್ಳಾಟ ಆಡುತ್ತೀರಿ ಎಂದು ಗದರಿದೆ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿದೆಯೋ ಎಂದು ಆತ ತಪ್ಪು ಮಾಡಿದವನಂತೆ ನಕ್ಕ. ಡಾಕ್ಟರು ಸ್ಟೀರಾಯ್ಡನ್ನು ಎರಡರಷ್ಟು ಮಾಡಿದರು. ಆ ಡಬ್ಬಿಯನ್ನು ಕೈಯಾರೆ ತಮ್ಮನಿಗೆ ಕೊಟ್ಟವಳು ನಾನೇ. ಇಂಥ ತಮ್ಮ ಪುಣ್ಯವಂತರಿಗೆ ಸಿಗುತ್ತಾನೆ ಎಂದೂ ಹೇಳಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಏಳನೇ ಸೋಮವಾರ ತಮ್ಮ ಬರುವುದು ತಡವಾಯಿತು. ಮಾತ್ರೆಯ ಹೊತ್ತು ಮೀರಿತ್ತು. ನಾನು ತಂದಿದ್ದ ಹೊಸ ಡಬ್ಬಿ ಒಡೆದು ಸ್ಟೀರಾಯ್ಡನ್ನು ಪಾಕಣ್ಣನ ನಾಲಗೆಯ ಮೇಲಿಟ್ಟೆ. ಅವನು ಮುಖ ಕಿವುಚಿದ.

"ಇದು ಕಹಿ," ಅಂದ.

ಔಷಧಿ ಇನ್ನೇನು ಜೇನುತುಪ್ಪದ ಹಾಗಿರುತ್ತದೆಯೇ ಎಂದೆ.

"ತಮ್ಮ ಕೊಡೋದು ಸಿಹಿ ಇರುತ್ತೆ. ನನಗೆ ಕಹಿ ಆಗ್ಬಾರ್ದು ಅಂತ ಸಕ್ಕರೆ ಮೆತ್ತಿಸ್ಕೊಂಡು ಬರ್ತಾನೆ. ನಮ್ಮ ಮೆಷಿನ್ನಿನ ಸಕ್ಕರೇನೇ, ನನ್ನ ನಾಲಗೆಗೆ ಗೊತ್ತಾಗಲ್ವಾ?" ಹೇಳುವಾಗ ಮುಖದಲ್ಲಿ ಹೆಮ್ಮೆಯಿತ್ತು.

ತಮ್ಮ ಸ್ಟೀರಾಯ್ಡ್ ಕೊಡುತ್ತಿದ್ದ ಡಬ್ಬಿಯನ್ನು ಕಪಾಟಿನಿಂದ ತೆಗೆದೆ. ಒಂದು ಮಾತ್ರೆಯನ್ನು ಕತ್ತರಿಯಿಂದ ಸೀಳಿ ಅರ್ಧ ನಾನು ಬಾಯಿಗೆ ಹಾಕಿಕೊಂಡೆ, ಅರ್ಧ ಅವನಿಗೆ ಕೊಟ್ಟೆ. ಪಾಕ ನೋಡುವವನಂತೆ ಕಣ್ಣು ಮುಚ್ಚಿ, ಕರಗುವವರೆಗೂ ಚೀಪಿದ. ಒಳಗೂ ಬರೀ ಸಕ್ಕರೆ, ಔಷಧಿಯೇ ಇರಲಿಲ್ಲ. ಕಣ್ಣು ತೆರೆದಾಗ ಹೆಮ್ಮೆಯೂ ಇರಲಿಲ್ಲ.

ಅಷ್ಟರಲ್ಲಿ ತಮ್ಮ ಬಂದ. ಅಂಗಿಯ ತೋಳು ಬಿರಿಯುತ್ತಿತ್ತು. ಸೀಳಿದ ಮಾತ್ರೆ ನೋಡಿ ಬಾಗಿಲಲ್ಲೇ ನಿಂತ.

"ಬಾಡಿ ಬಿಲ್ಡಿಂಗ್ ಸ್ಪರ್ಧೆ ಮುಗಿದ್ಮೇಲೆ ನಿನಗೇ ಕೊಡ್ತಿದ್ದೆ ಅಣ್ಣಾ. ಹೇಗೂ ನೀನು ಮಲಗಿರೋನಲ್ವಾ."

ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದೆ. ಉಣಿಸಿದ ಕೈಯನ್ನೇ ತಿಂದವನನ್ನು ಕಂಡಿದ್ದು ಅಂದೇ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಾಕಣ್ಣ ಬೈಯಲಿಲ್ಲ.

"ಕೇಳಿದ್ದಿದ್ರೆ ನಾನೇ ಕೊಡ್ತಿದ್ದೆ," ಎಂದು ಗೋಡೆ ಕಡೆ ತಿರುಗಿದ.

ಕಸಿ ಆಯಿತು, ಮೂರು ತಿಂಗಳು ತಡವಾಗಿ. ಮೂರು ಬೆರಳು ಇಂದಿಗೂ ಬಿಚ್ಚುವುದಿಲ್ಲ. ತಮ್ಮ ಬೇರೆ ಕಡೆ ಇದ್ದಾನೆ. ಮಾತ್ರೆ ಈಗ ದಿನಾ ನಾನೇ ಬಂದು ಕೊಡುತ್ತೇನೆ. ನಾನು ಕೊಟ್ಟರೂ ಮೊದಲು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಕಹಿ ಇದ್ದರೆ ಮಾತ್ರ ನುಂಗುತ್ತಾನೆ.