ದಾಕ್ಷಾಯಣಿ ತಿದ್ದಿದ ಕೊನೆಯ ಅಧ್ಯಾಯ

ಗುಬ್ಬಿಯ ಬಟ್ಟೆ ಅಂಗಡಿ ಚನ್ನವೀರಯ್ಯನವರ ಮಗಳು ದಾಕ್ಷಾಯಣಿಗೆ ಹದಿನಾಲ್ಕು ತುಂಬಿದ ವರ್ಷ, ೧೯೫೦ರಲ್ಲಿ, ಪಕ್ಕದ ಮನೆಯ ಹಿತ್ತಲಲ್ಲಿ ಎರಡು ಕೊಲೆಗಳಾದವು. ಸಂತೆಯ ದಿನ. ಬೀದಿಯಲ್ಲಿ ಜನವಿರಲಿಲ್ಲ. ಅವಳು ಮಹಡಿಯ ಮೇಲೆ ಹುಣಸೆಹಣ್ಣು ಒಣಹಾಕುತ್ತಿದ್ದಳು; ಅಲ್ಲಿಂದ ಎಲ್ಲವನ್ನೂ ಕಂಡಳು.

ಆ ಮನೆ ಭದ್ರಮ್ಮನದು. ಅವಳ ಮಗಳು ಚಿಕ್ಕಗಂಗಮ್ಮ ತಿಪಟೂರಿನ ಗಂಡನ ಏಟು ತಾಳಲಾರದೆ ತವರಿಗೆ ಬಂದು ಎರಡು ವರ್ಷವಾಗಿತ್ತು. ತುಮಕೂರಿನ ಬಸ್ಸಿನ ಡ್ರೈವರೊಬ್ಬನ ಮೇಲೆ ಅವಳಿಗೆ ಮನಸ್ಸಾಗಿತ್ತು. ದಾಕ್ಷಾಯಣಿಯ ತಲೆ ಬಾಚುತ್ತಾ ಅವಳು ಬೇರೆ ಯಾರಿಗೂ ಹೇಳಲಾಗದ್ದನ್ನೆಲ್ಲ ಹೇಳುತ್ತಿದ್ದಳು. "ಅವ್ರ ಬಸ್ ಹಾರನ್ ಕೇಳಿದ್ರೆ ಕೈಕಾಲೇ ಆಡಲ್ಲ ಕಣೇ ದಾಕ್ಷಿ."

ಆ ದಿನ ಡ್ರೈವರ್ ಹಿತ್ತಲ ಬಾಗಿಲಿಂದ ಬಂದಿದ್ದ. ಚಿಕ್ಕಗಂಗಮ್ಮನ ಅಣ್ಣ ಚೌಡಪ್ಪ ಸಂತೆಯ ಅರ್ಧ ದಾರಿಯಿಂದಲೇ ಹಿಂತಿರುಗಿದ. ಗಾಡಿಯ ಗೂಟ ಕಿತ್ತುಕೊಂಡು ಹಿಂದಿನಿಂದ ಡ್ರೈವರನ ತಲೆಗೆ ಹೊಡೆದ. ಬಿದ್ದವನು ಅಲುಗಾಡುವುದು ನಿಂತ ಮೇಲೂ ಹೊಡೆಯುತ್ತಲೇ ಇದ್ದ. ತಂಗಿ ತೋಳು ಹಿಡಿದು ಜಗ್ಗಿದಾಗ ಅವಳ ತುರುಬು ಹಿಡಿದು ಬಾವಿಯವರೆಗೆ ಎಳೆದ. ಅವಳು ಎರಡೂ ಕೈಯಲ್ಲಿ ಕಟ್ಟೆಯ ಕಲ್ಲನ್ನು ಅಪ್ಪಿಕೊಂಡಳು. ಚೌಡಪ್ಪ ಒಂದೊಂದೇ ಬೆರಳು ಬಿಡಿಸಿ ಒಳಕ್ಕೆ ದಬ್ಬಿದ.

ಚೌಡಪ್ಪ ರಾತ್ರಿ ಸಾಗಿಸಿ ಹಾಕಿದ್ದ ಡ್ರೈವರನ ಹೆಣ ಮರುದಿನ ರೈಲು ಹಳಿಯ ಮೇಲೆ ಸಿಕ್ಕಿತು. ಅವನು ರೈಲಿಗೆ ಬಿದ್ದ, ಚಿಕ್ಕಗಂಗಮ್ಮ ಬಾವಿಗೆ ಹಾರಿದಳು ಎಂದು ಊರು ನಂಬಿತು, ತಾಯಿಯೂ ನಂಬಿದಳು. ಮಗಳಿಂದ ನಡೆದದ್ದನ್ನು ಕೇಳಿದ್ದ ಚನ್ನವೀರಯ್ಯ, ಪೊಲೀಸರು ಮನೆಗೆ ಬರುವ ಮೊದಲು ಅವಳ ಭುಜ ಅದುಮಿ ಹೇಳಿದರು: "ಊರ ಉಸಾಬರಿ ನಮಗ್ಯಾಕೆ? ನೀನು ಮಲಗಿದ್ದೆ, ಅಷ್ಟೇ." ದಾಕ್ಷಾಯಣಿ ಹಾಗೆಯೇ ಹೇಳಿದಳು.

ಹದಿನೆಂಟಕ್ಕೆ ಅವಳ ಮದುವೆಯಾಯಿತು. ಗಂಡ ರುದ್ರಯ್ಯ ಕುಣಿಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವಳು ಪ್ರೈಮರಿ ಶಾಲೆಯಲ್ಲಿ ಮೇಡಂ ಆದಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು, ಮೂರು ವರ್ಷ ಹಿಡಿದು ಒಂದು ಕಾದಂಬರಿ ಬರೆದಳು. ಅದು ಗಂಡನಿದ್ದ ಹೆಣ್ಣೊಬ್ಬಳ ಪ್ರೇಮದ ಕತೆ. ಪ್ರೇಮವನ್ನು ಕೇಳಿದ್ದ ಹಾಗೆಯೇ ಬರೆದಳು. ಕೊಲೆಯನ್ನು ಬರೆದ ಹಾಳೆಗಳನ್ನು ಮಾತ್ರ ಹರಿದು ಹಾಕಿದಳು. ನಾಯಕಿ ತಾನೇ ಬಾವಿಗೆ ಹಾರಿದಳೆಂದು ಬರೆದು ಮುಗಿಸಿದಳು.

ತುಮಕೂರಿನಲ್ಲಿ ಪ್ರೆಸ್ ಇಟ್ಟುಕೊಂಡಿದ್ದ ಶಿವರಾಮಯ್ಯ ೧೯೫೯ರಲ್ಲಿ ಅದನ್ನು ಅಚ್ಚು ಹಾಕಿದರು. ತಿಂಗಳೊಳಗೆ ಒಂದು ಪ್ರತಿ ರುದ್ರಯ್ಯನ ಕಚೇರಿ ಸೇರಿತು. ಒಬ್ಬ ಎಲ್ಲರೆದುರು ಕೇಳಿದ: "ಏನ್ ರುದ್ರಯ್ಯನೋರೆ, ನಿಮ್ಮನೆಯೋರ ಡ್ರೈವರು ಯಾವ ರೂಟ್ನೋನು?"

ರುದ್ರಯ್ಯ ನಡುಹಗಲಲ್ಲೇ ಮನೆಗೆ ಬಂದ. ಮನೆಯಲ್ಲಿದ್ದ ಪ್ರತಿಗಳನ್ನೆಲ್ಲ ಬಚ್ಚಲ ಒಲೆಗೆ ತುರುಕಿದ. ತಡೆಯಲು ಬಂದ ಹೆಂಡತಿಯ ಕಪಾಳಕ್ಕೆ ಬಾರಿಸಿದ.

"ಯಾರ್ಲೇ ಅವನು?"

"ಅದು ನಂದಲ್ಲ ರೀ. ನಮ್ಮ ಪಕ್ಕದ್ಮನೆ ಚಿಕ್ಕಗಂಗಕ್ಕಂದು."

"ಸತ್ತೋಳ ಮನಸ್ಸಲ್ಲಿ ಇದ್ದದ್ದು ನಿಂಗೆಂಗ್ಲೇ ಗೊತ್ತು? ನಿನ್ ಮನಸ್ಸಲ್ಲಿ ಇಲ್ದೇ ಇಷ್ಟುದ್ದ ಬರದ್ಯಾ?"

ಅವಳನ್ನು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದು, ರುಬ್ಬುವ ಗುಂಡನ್ನು ಅದರ ಮೇಲೆ ಎತ್ತಿ ಹಾಕಿದ. ಒಂದಲ್ಲ, ಮೂರು ಸಲ. ಅವಳ ಕೂಗಿಗೆ ನೆರೆಯವರು ಬಾಗಿಲು ಮುರಿದು ಬಂದರು. ಅವಳನ್ನು ಬಾಡಿಗೆ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಸಾಗಿಸಿದರು. ಎರಡು ಬೆರಳು ತೆಗೆಯಬೇಕಾಯಿತು. ಉಳಿದವನ್ನು ಮತ್ತೆ ಮಡಿಸಲಾಗಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅವಳ ಹಾಸಿಗೆಯ ಬಳಿ ಒಬ್ಬ ಬಂದು ನಿಂತ. ತಲೆ ನರೆತಿತ್ತು, ಆದರೂ ಗುರುತು ಸಿಕ್ಕಿತು. ಚೌಡಪ್ಪ. ಯಾರೋ ಅವನಿಗೆ ಪುಸ್ತಕ ಓದಿ ಹೇಳಿದ್ದರು.

"ನೀನವತ್ತು ಮಲಗಿರ್ಲಿಲ್ಲ ಅಲ್ವಾ?" ಎಂದ. "ಕೊನೇಲಿ ಅವಳೇ ಹಾರಿದ್ಲು ಅಂತ ಬರ್ದಿದೀಯ. ಒಳ್ಳೇದಾಯ್ತು. ಅಷ್ಟಕ್ಕೇ ಸುಮ್ನಿರು."

ದಾಕ್ಷಾಯಣಿಗೆ ಅದುವರೆಗೆ ಇದ್ದ ಭಯ ಆ ಮಾತಿಗೆ ರೋಷವಾಯಿತು. ತಾನು ಬರೆದದ್ದು ಇವನಿಗೆ ಅನುಕೂಲವಾಗಿದೆಯಲ್ಲ!

"ಎರಡನೇ ಮುದ್ರಣದಲ್ಲಿ ತಿದ್ತೀನಿ ಚೌಡಪ್ಪಣ್ಣ. ಬೆರಳು ಬಿಡಿಸಿದ್ದೂ ಬರೀತೀನಿ."

ಅವನು ಅವಳ ಕುತ್ತಿಗೆಗೆ ಕೈ ಹಾಕಿದ. ಕಣ್ಣು ಕತ್ತಲೆಗಟ್ಟುವವರೆಗೂ ಹಿಸುಕಿದ. ಅವಳು ಕಟ್ಟು ಹಾಕಿದ್ದ ಕೈಯಿಂದಲೇ ಅವನ ಮುಖಕ್ಕೆ ಗುದ್ದಿದಳು. ಕಟ್ಟು ಒದ್ದೆಯಾಗಿ ಕೆಂಪಾಯಿತು. ವಾರ್ಡಿನ ಆಳುಗಳಿಬ್ಬರು ಓಡಿ ಬಂದು ಅವನನ್ನು ಕೆಡವಿ ಹಿಡಿದರು.

ಆ ಸಂಜೆಯೇ ಅವಳು ಪೊಲೀಸರಿಗೆ ಒಂಬತ್ತು ವರ್ಷದ ಹಿಂದೆ ಕಂಡದ್ದನ್ನೆಲ್ಲ ಹೇಳಿದಳು. ರುದ್ರಯ್ಯನ ಮೇಲೂ ಹೇಳಿಕೆ ಕೊಟ್ಟಳು. ಅವನಿಗೆ ಒಂದು ವರ್ಷ ಜೈಲಾಯಿತು, ಕೆಲಸ ಹೋಯಿತು. ಆಸ್ಪತ್ರೆಯ ಹಲ್ಲೆಗಾಗಿ ಚೌಡಪ್ಪನಿಗೆ ಮೂರು ವರ್ಷವಾಯಿತು. ಕೊಲೆಯ ಕೇಸು ಮಾತ್ರ ಬಿದ್ದುಹೋಯಿತು. ಅವನ ವಕೀಲರು ಕೋರ್ಟಿನಲ್ಲಿ ಅವಳ ಕಾದಂಬರಿಯನ್ನೇ ಎತ್ತಿ ಹಿಡಿದು ಕೇಳಿದ್ದರು: "ಅವಳೇ ಹಾರಿದಳು ಎಂದು ಅಚ್ಚು ಹಾಕಿಸಿದವರು ನೀವೇ ಅಲ್ಲವೇ?"

"ಹೌದು. ಹೆದರಿ ಸುಳ್ಳು ಬರೆದೆ" ಎಂದಳು ದಾಕ್ಷಾಯಣಿ. ಅದನ್ನು ಕೋರ್ಟು ನಂಬಲಿಲ್ಲ.

ಅವಳು ಗಂಡನ ಬಳಿಗಾಗಲಿ ತಂದೆಯ ಮನೆಗಾಗಲಿ ಹೋಗಲಿಲ್ಲ. ತುಮಕೂರಿನ ಶಾಲೆಗೆ ವರ್ಗ ಮಾಡಿಸಿಕೊಂಡು ಒಂದು ರೂಮಿನಲ್ಲಿ ಉಳಿದಳು. ಮಕ್ಕಳ ಕಾಪಿಪುಸ್ತಕದಲ್ಲಿ ಎಡಗೈಯಿಂದ ಅ, ಆ ತಿದ್ದಿ ಕಲಿತಳು. ಕೊನೆಯ ಅಧ್ಯಾಯವನ್ನು ಮತ್ತೆ ಬರೆಯಲು ಎರಡು ವರ್ಷ ಬೇಕಾಯಿತು. ೧೯೬೪ರಲ್ಲಿ ಶಿವರಾಮಯ್ಯ ಎರಡನೇ ಮುದ್ರಣ ಹೊರತಂದರು.

ಮೊದಲ ಪ್ರತಿ ಹಿಡಿದು ಅವಳು ಗುಬ್ಬಿಯ ಬಸ್ಸು ಹತ್ತಿದಳು. ಕೇಸಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಭದ್ರಮ್ಮ ಮಗನ ಜೊತೆ ಇರಲಾರದೆ ಮನೆ ಬಿಟ್ಟು ಕೇರಿಯ ತುದಿಯಲ್ಲಿ ಒಬ್ಬಳೇ ಇದ್ದಳು; ಮಗಳ ಕೊನೆಯ ಗಳಿಗೆ ಹೇಗಿತ್ತೆಂದು ಮಾತ್ರ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಓದು ಬಾರದು, ಕಣ್ಣೂ ಮಂಜು. ದಾಕ್ಷಾಯಣಿ ಎದುರು ಕೂತು ಕೊನೆಯ ಅಧ್ಯಾಯ ಓದಿದಳು. ಕಟ್ಟೆಯ ಕಲ್ಲು ಅಪ್ಪಿಕೊಂಡದ್ದನ್ನು ಓದುವಾಗ ಮುದುಕಿ ತಡವರಿಸಿ ಅವಳ ಮುಖ ಹುಡುಕಿ, ರಪ್ಪನೆ ಕೆನ್ನೆಗೆ ಹೊಡೆದಳು.

"ಹದಿನಾಲ್ಕು ವರ್ಷ! ನನ್ ಮಗಳು ಬದುಕ್ಬೇಕು ಅಂತ ಕಲ್ಲಿಡ್ಕಂಡಿದ್ಲು ಅಂತ ಹೇಳೋಕೆ ಹದಿನಾಲ್ಕು ವರ್ಷ ಬೇಕಾಯ್ತೇನೇ ನಿಂಗೆ?"

ದಾಕ್ಷಾಯಣಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಕೆಳಗೆ ಬಿದ್ದ ಪುಸ್ತಕವನ್ನು ಎತ್ತಿಕೊಂಡಳು.

ಭದ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಗೋಡೆಗೆ ಒರಗಿದಳು. "ಓದು, ಮುಂದಕ್ಕೆ ಓದು" ಎಂದಳು.