ಕೂಡಲಸಂಗಮಕ್ಕೆ ಅಜ್ಜನ ಜೊತೆ

ಆಮ್ರಪಾಲಿಗೆ ಊರು ಸುತ್ತುವ ಹುಚ್ಚು ಹಿಡಿದದ್ದು ಅಪ್ಪನ ಲಾರಿಯಲ್ಲಿ. ಅಪ್ಪ ಉತ್ತಮ, ನಿರ್ಣಾ ಎಂಬ ಹಳ್ಳಿಯ ಬೌದ್ಧ ಕೂಲಿಕಾರರ ಮನೆಯವನು. ಸೊಲ್ಲಾಪುರದಿಂದ ಬಟ್ಟೆಯ ಗಂಟು ತಂದು ಬಸವಕಲ್ಯಾಣದಲ್ಲಿ ಇಳಿಸುತ್ತಿದ್ದಾಗ, ಅಂಗಡಿಯ ಸಾವಕಾರ ಬಸವಣಪ್ಪನವರ ಮಗಳು ಲಲಿತಾಬಾಯಿಯ ಮೇಲೆ ಮನಸ್ಸಾಯಿತು. ಅವಳೂ ಒಪ್ಪಿ ಮನೆ ಬಿಟ್ಟು ಬಂದಳು. ಲಿಂಗಾಯತರ ಆ ಮನೆಯವರು ಮತ್ತೆ ಅವಳ ಹೆಸರೆತ್ತಲಿಲ್ಲ. ಇಬ್ಬರೂ ಹುಮನಾಬಾದಿನಲ್ಲಿ ಸಂಸಾರ ಹೂಡಿದರು.

ರಜೆಯಲ್ಲಿ ಮಗಳು ಲಾರಿ ಹತ್ತುವಳು. ತಿರುಗಿ ಬಂದ ಮೇಲೆ ತಾಯಿಗೆ ಎಷ್ಟು ಹೇಳಿದರೂ ಸಾಲದು.

"ಬರದು ತೋರ್ಸವ್ವಾ, ನಾ ಕುಂತಲ್ಲೇ ನೋಡ್ತೀನಿ" ಎನ್ನುತ್ತಿದ್ದಳು ತಾಯಿ.

ಹೀಗೆ ಬರೆಯುತ್ತ ಬರೆಯುತ್ತ, ತೊಂಬತ್ನಾಲ್ಕನೇ ಇಸವಿಯ ಹೊತ್ತಿಗೆ ಗುಲಬರ್ಗಾದ ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಅವಳ ಪ್ರವಾಸ ಬರಹ ಬರತೊಡಗಿತು. ಮಾಣಿಕನಗರದ ಶಾಲೆಯಲ್ಲಿ ಮಾಸ್ತರಿಕೆ, ರಜೆ ಬಂದರೆ ಬಸ್ಸು. ಹೋದಲ್ಲೆಲ್ಲ "ಯಾರ ಪೈಕಿರಿ?" ಎಂದು ಕೇಳುವರು. ಅಪ್ಪ–ಅಮ್ಮ ಇಬ್ಬರ ಕುಲವನ್ನೂ ಮುಚ್ಚಿಡದೆ ಹೇಳುವಳು. ಕೆಲವೆಡೆ ನೀರಿನ ಲೋಟ ಬೇರೆಯಾಯಿತು. ಆದರೆ ಜಡಿಮಳೆಗೆ ಸಿಕ್ಕಿದ್ದ ಅವಳನ್ನು ಒಳಗೆ ಕರೆದು, ತನ್ನ ಕೌದಿಯನ್ನೇ ಹೊದಿಸಿದ ವಿಜಾಪುರದ ಗಯಾಬಾಯಿಯಂಥವರೇ ಹೆಚ್ಚು. ಅವಳ ಬರಹದಲ್ಲಿ ಕೋಟೆ–ಗುಮ್ಮಟಗಳಿಗಿಂತ ಉಣಬಡಿಸಿದವರ ಹೆಸರುಗಳೇ ಜಾಸ್ತಿ ಇರುತ್ತಿದ್ದವು.

ತೊಂಬತ್ತೊಂಬತ್ತರಲ್ಲಿ ಒಂದು ದಿನ ಬಸವಣಪ್ಪನವರ ಮಗ ಸಂಜೀವಕುಮಾರ ಶಾಲೆಗೇ ಬಂದ. ಸೋದರಮಾವನನ್ನು ಅವಳು ನೋಡಿದ್ದು ಅದೇ ಮೊದಲು.

"ಅಪ್ಪಾರು ನೀ ಬರದದ್ದು ಓದಾಕ ಹತ್ತಿ ಭಾಳ ವರ್ಷ ಆತು. ಕೂಡಲಸಂಗಮ ನೋಡಬೇಕಂತಾರ. ನೀನೇ ಕರಕೊಂಡು ಹೋಗಬೇಕಂತ."

"ಬರ್ತೀನಿ ಮಾಮಾ. ಆದ್ರ ಗಾಡಿ ನಮ್ಮಪ್ಪನೇ ನಡಸ್ತಾನ."

ಸಂಜೀವಕುಮಾರ ಅಪ್ಪನನ್ನು ಕೇಳಿ ಹೇಳುತ್ತೇನೆಂದು ಹೋದ. ಮರುದಿನ "ಬರ್ರಿ" ಎಂದು ಫೋನು ಬಂತು.

ಅಪ್ಪ ತನ್ನ ಗೆಳೆಯ ಪೀರ್ ಪಾಷಾನ ಜೀಪು ತಂದ. ಹಿಂದೆ ಕೂತ ಬಸವಣಪ್ಪನವರು ದಾರಿಯುದ್ದಕ್ಕೂ ಮೊಮ್ಮಗಳ ಜೊತೆಗಷ್ಟೇ ಮಾತಾಡಿದರು. ಸಂಗಮದಲ್ಲಿ ಮೆಟ್ಟಿಲಿಳಿಯುವಾಗ ಮುದುಕರು ಹಿಡಿದುಕೊಳ್ಳಲು ಆಸರೆ ಹುಡುಕಿದರು. ಉತ್ತಮ ಓಡಿಬಂದು ಕೈಚಾಚಿದ. ಮುಟ್ಟಲೋ ಬೇಡವೋ ಎಂದು ಅಲ್ಲೇ ತಡೆದ. ಬಸವಣಪ್ಪನವರೇ ಆ ತೋಳನ್ನು ಗಟ್ಟಿಯಾಗಿ ಹಿಡಿದು ನೀರಿನವರೆಗೆ ಇಳಿದರು.

ವಾಪಸು ಬರುವಾಗ ಚಹಾದಂಗಡಿಯಲ್ಲಿ ಅವರು ಉತ್ತಮನನ್ನು ಕೇಳಿದರು: "ಮೊದಲ ಹುಮನಾಬಾದ್ ಬರ್ತದೋ, ಕಲ್ಯಾಣೋ?"

"ಹುಮನಾಬಾದ್ರಿ ಸಾವಕಾರ್ರ."

"ಹಂಗಾದ್ರ ಅಲ್ಲೇ ಇಳಿಯೋಣು. ಲಲಿತಾನ ಮನಿ ನಾ ನೋಡಿಲ್ಲ. ಮತ್ತ ಸಾವಕಾರ ಅನಬ್ಯಾಡೋ ಇನ್ನ. ಮಾವ ಅನ್ನು."

ಉತ್ತಮ ಕಣ್ಣೊರೆಸಿಕೊಳ್ಳಲು ಜೀಪಿನ ಹಿಂದೆ ಹೋದ.

ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಸಿವಾಗ್ಯದವ್ವಾ, ನೀಡು" ಎಂದು ಬಸವಣಪ್ಪನವರು ನೆಲದ ಮೇಲೆ ಕೂತೇಬಿಟ್ಟರು.

ಎರಡು ಸಾವಿರದ ಮೂರರಲ್ಲಿ ಆಮ್ರಪಾಲಿಯ ಮೊದಲ ಪುಸ್ತಕ ಬಂತು. ಕಂಡಕ್ಟರರು, ಗಯಾಬಾಯಿ, ಪೀರ್ ಪಾಷಾ, ಎಲ್ಲರನ್ನೂ ನೆನೆದು ಅವಳು ಬರೆದ ಕೃತಜ್ಞತೆ ನಾಲ್ಕು ಪುಟ ಹಿಡಿಯಿತು. ಕಡಿಮೆ ಮಾಡಿರೆಂದ ಪ್ರಕಾಶಕರ ಮಾತನ್ನು ಅವಳು ಕೇಳಲಿಲ್ಲ. ಅದನ್ನು ಪೂರ್ತಿ ಓದಿಸಿಕೊಂಡ ಅಜ್ಜ, "ನಿಮ್ಮಪ್ಪಗ ಸಾಂಚಿ ನೋಡೂ ಆಸಿ ಅದ ಅಂತಲ್ಲಾ? ಈ ಬ್ಯಾಸಗಿಗೆ ಎಲ್ಲಾರೂ ಹೋಗೂಣು" ಎಂದರು. ಅಜ್ಜಿ ಯಶೋದಾಬಾಯಿ ಅಂದೇ ಬುತ್ತಿಗೆ ಏನೇನು ಮಾಡಬೇಕೆಂದು ಮಗಳನ್ನು ಕೂರಿಸಿಕೊಂಡು ಮಾತಾಡತೊಡಗಿದರು.