ಹಿಮ್ಮಡಿಯ ಸಪ್ಪಳ

ಕಳೆದ ವಾರ ಬಸವಕಲ್ಯಾಣದ ಪೇಟೆಯಲ್ಲಿ ಮಗಳಿಗೆ ಶಾಲೆಯ ಬೂಟು ಕೊಳ್ಳಲು ಹೋಗಿದ್ದೆ. ಅಂಗಡಿಯವನು ಡಬ್ಬಿ ತೆರೆದ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಕಣಕಾಲು ಚುಳ್ ಎಂದಿತು. ಕಾಲಿಗೆ ನನಗಿಂತ ಒಳ್ಳೆಯ ನೆನಪಿದೆ. ಅದು ಏನನ್ನೂ ಸೇರಿಸಿ ಹೇಳುವುದಿಲ್ಲ.

ಹುಮನಾಬಾದಿನ ಹೈಸ್ಕೂಲಿನಲ್ಲಿ ನಮಗೊಬ್ಬ ಪಿ.ಟಿ. ಮಾಸ್ತರರಿದ್ದರು. ನಮ್ಮದು ಕುರಿ ಕಾಯುವ ಮನೆ; ನಾನು ಬರಿಗಾಲಲ್ಲೇ ಓಡಿ ಬೆಳೆದವಳು. ಮಾಸ್ತರರು ನನ್ನನ್ನು ಓಟದ ತಂಡಕ್ಕೆ ಆರಿಸಿ, ಯಾರೋ ಹಾಕಿ ಬಿಟ್ಟ ಗಟ್ಟಿ ಬೂಟು ಕೊಟ್ಟರು. ತಾವು ಮೈದಾನದ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಓಟವನ್ನು ಕಿವಿಯಿಂದ ಅಳೆಯುವುದು ಅವರ ಪದ್ಧತಿ.

"ಹಿಮ್ಮಡ ಕುಟ್ಟಿ ಓಡಬೇ! ಸಪ್ಪಳ ನನಗ ಕೇಳಬೇಕು."

"ಕಾಲು ನೋಯಾಕತ್ತಾವ್ರಿ ಸರ್. ಬೂಟು ಬಿಚ್ಚಿ ಓಡ್ಲೇನ್ರಿ?"

"ಯಾಕ, ಕುರಿ ಹಿಂದ ಓಡಾಕತ್ತೀನಿ ಅಂತ ತಿಳ್ಕೊಂಡಿಯೇನು?"

ಇಡೀ ತಂಡ ನಕ್ಕಿತು. ಅವರೂ ನಕ್ಕರು... ನಕ್ಕರೇ? ಖಾತ್ರಿಯಿಲ್ಲ. ನನ್ನ ಸಿಟ್ಟಿಗೆ ಆ ನಗೆ ಬೇಕಿತ್ತು. ಇಷ್ಟು ವರ್ಷ ಅದನ್ನು ಹಾಲೆರೆದು ಸಾಕಿದ್ದೇನೆ. ಖಾತ್ರಿ ಇರುವುದು ಇಷ್ಟು: ಜಿಲ್ಲೆಯ ಓಟದ ದಿನ ನಡುದಾರಿಯಲ್ಲಿ ಕಣಕಾಲಿನ ಎಲುಬು ಬಿರಿದು ನಾನು ಬಿದ್ದೆ. "ಇಷ್ಟ ನೋಡು ನಿನ್ನ ದಮ್ಮು" ಎಂದು ಅವರು ನನ್ನ ಕಾಲಿನ ಬೂಟು ಬಿಚ್ಚಿಸಿಕೊಂಡು ಹೋದರು. ಅಂದಿಗೆ ಓಡುವುದನ್ನು ಬಿಟ್ಟೆ.

ಈಚೆಗೆ, ಈ ವಯಸ್ಸಿನಲ್ಲಿ, ಮತ್ತೆ ಶುರು ಮಾಡಿದೆ, ದುಬಾರಿ ಬೂಟು ಹಾಕಿಕೊಂಡು. ಅದೇ ಜಾಗ, ಅದೇ ನೋವು. ಕೊನೆಗೊಂದು ಮುಂಜಾನೆ ಮೋರಖಂಡಿ ಕಡೆಯ ಮಣ್ಣಿನ ಹಾದಿಯಲ್ಲಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದೆ. ಮೊದಲು ಬರೀ ನಡೆದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಓಡಿದೆ. ಅಂಗಾಲು ಸುಲಿಯಿತು, ಮೀನಖಂಡ ಹಿಡಿದುಕೊಂಡಿತು. ಆದರೆ ಹಿಮ್ಮಡಿ ತಾನಾಗಿಯೇ ನೆಲ ಕುಟ್ಟುವುದನ್ನು ಬಿಟ್ಟಿತು. ತಿಂಗಳುಗಳು ಕಳೆದಂತೆ ಕಣಕಾಲಿನ ನೋವು ಇಳಿಯಿತು. ನೋವು ಇಳಿದಷ್ಟೂ ಸಿಟ್ಟು ಏರಿತು. ಮದ್ದು ನನ್ನ ಕಾಲಲ್ಲೇ ಇತ್ತು. ಮಾಸ್ತರರು ಅದನ್ನು ಬೂಟಿನಲ್ಲಿ ಹೂತಿದ್ದರು. ಅವರ ಮನೆಯ ಮುಂದೆ ಓಡಿ ತೋರಿಸಬೇಕು, ಅವರ ಬಾಯಿಂದಲೇ ತಪ್ಪಾಯಿತು ಎನ್ನಿಸಬೇಕು.

ಒಂದು ದಿನ ಹುಮನಾಬಾದಿನ ಬಸ್ಸು ಹತ್ತಿದೆ. ಇಳಿದವಳೇ ಚಪ್ಪಲಿಯನ್ನು ಚೀಲಕ್ಕೆ ತುರುಕಿ ಅವರ ಓಣಿಯವರೆಗೆ ಓಡಿದೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಹಿಂದಿನ ಗೋಡೆಯ ಮೇಲೆ, ಹಾರ ಹಾಕಿದ ಫೋಟೋದಲ್ಲಿ, ಮಾಸ್ತರರು.

ಆಕೆ ನನ್ನ ಧೂಳುಗಾಲು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಕಡೆ ಬರಿಗಾಲಲ್ಲಿ ಬಂದವರೆಂದರೆ ಹರಕೆ ಹೊತ್ತವರು, ಭಕ್ತರು.

"ಗುರುವಿನ ಸಲುವಾಗಿ ಬರಿಗಾಲಲೇ ಬಂದಿಯೇನವ್ವಾ?"

"ಇಲ್ರಿ ಅಮ್ಮಾ. ಜಗಳ ಮಾಡಾಕ ಬಂದೀನ್ರಿ."

"ಮಾಡವ್ವಾ. ಅವ್ರ ಜೋಡಿ ಎಲ್ಲಾರೂ ಜಗಳಾನ ಮಾಡ್ತಿದ್ರು. ಮೊದ್ಲ ಕಾಲು ತೊಳಕೋ."

ತಂಬಿಗೆಯಿಂದ ತಾವೇ ನೀರು ಸುರಿದರು. ನಾನು ಕಾಲು ಮುಂದೆ ಚಾಚಿದೆ. ಮಾಸ್ತರರಿಗೆ ತೋರಿಸಲೆಂದೇ ತಂದ ಧೂಳು ಅವರದೇ ಅಂಗಳದಲ್ಲಿ ಹರಿದು... ಪಕ್ಕದ ಮನೆಯವರು ಇಣುಕಿ, "ಎಂಥಾ ಶಿಷ್ಯೆ ನೋಡ್ರಿ" ಎಂದರು. ಕೊಟ್ಟ ಚಹಾ ಬಿಸಿಯಾಗಿತ್ತು. ಗಟಗಟನೆ ಕುಡಿದು ಬಾಯಿ ಸುಟ್ಟುಕೊಂಡೆ.

ಕಳೆದ ವಾರ ಆ ಅಂಗಡಿಯಲ್ಲಿ ಮಗಳು ಹೊಸ ಬೂಟು ಹಾಕಿ ನೆಲ ಕುಟ್ಟಿ ನೋಡಿದಳು. "ಸಪ್ಪಳ ಮಸ್ತ್ ಬರ್ತದ ನೋಡ್ರಿ ಅಕ್ಕಾ" ಎಂದ ಅಂಗಡಿಯವನು. ಶಾಲೆಯವರು ಬೂಟಿಲ್ಲದೆ ಒಳಗೆ ಬಿಡುವುದಿಲ್ಲ. ಕೊಂಡೆ.

ನಾನು ಮಾಸ್ತರರನ್ನು ಕ್ಷಮಿಸಿಲ್ಲ. ಇವತ್ತು ಮುಂಜಾನೆಯೂ ಮೋರಖಂಡಿ ಹಾದಿಯ ಬದುವಿನ ಮೇಲೆ ಅವರನ್ನು ಮನಸ್ಸಿನಲ್ಲೇ ಕಣ್ಣು ಮುಚ್ಚಿಸಿ ನಿಲ್ಲಿಸಿದೆ. ಎಂದೂ ಓಡದಷ್ಟು ಜೋರಾಗಿ, ಬರಿಗಾಲಲ್ಲಿ, ಅವರ ಮುಂದಿನಿಂದ ಓಡಿ ಹೋದೆ. ಅವರು ಸಪ್ಪಳಕ್ಕೆ ಕಿವಿಗೊಟ್ಟು ಕಾಯುತ್ತಲೇ ಇದ್ದರು.